ಮೊದಲ ಪಂಕ್ತಿಯ ಷೇರುಗಳು

ಸುನಂದ ಚೆಕ್ಕನ್ನು ಗಾಳಿಗೆ ಹಾರದಂತೆ ಹೊಲಿಗೆಯ ಕತ್ತರಿಯ ಕೆಳಗೆ ಇಟ್ಟಳು. ಹೆಸರಿನ ಜಾಗದಲ್ಲಿ 'ರಸಧಾರೆ ಫುಡ್ಸ್' ಎಂದು ಅವಳದೇ ದುಂಡನೆಯ ಅಕ್ಷರ. ಮೊತ್ತವನ್ನೂ ತುಂಬಿಯಾಗಿತ್ತು. ಅವಳ ತಾಯಿ ಮುನಿಶಾಮಮ್ಮ ಸಹಿ ಹಾಕಬೇಕಾದ ಜಾಗವೊಂದು ಖಾಲಿಯಿತ್ತು.

"ಸೈನ್ ಹಾಕೋಕೆ ಅಮ್ಮ ತಲೆಗೆ ಸ್ನಾನ ಮಾಡ್ಕೊಂಡು ಬತ್ತಾಳಂತೆ," ಎಂದಳು ಸುನಂದ. "ನನ್ನ ನೋಡೋಕೆ ಗಂಡು ಬಂದಾಗ್ಲೂ ಇಷ್ಟು ಶಾಸ್ತ್ರ ಮಾಡ್ಲಿಲ್ಲ."

ಎದುರು ಕುಳಿತ ಅನಂತಲಕ್ಷ್ಮಿಗೆ ನಗು ಬರಲಿಲ್ಲ. ಸುಟ್ಟ ಗೋದಾಮುಗಳ, ಮಗುಚಿದ ಲಾರಿಗಳ ನಷ್ಟವನ್ನು ವಿಮಾ ಕಂಪನಿಗಳಿಗಾಗಿ ಅಳೆಯುತ್ತ ಆಯುಷ್ಯದ ಬಹುಪಾಲು ಕಳೆದವರು ಆಕೆ. ನಿವೃತ್ತಿಯ ನಂತರ ಮುಳಬಾಗಿಲಿನ ಮನೆಯ ಮುಂಗೋಣೆಯಲ್ಲಿ ಪತ್ತೇದಾರಿಕೆ ಹಿಡಿದಿದ್ದರು. ಗೌನಿಪಲ್ಲಿಯ ಮಾವಿನ ದಲ್ಲಾಳಿ ಸೊಣ್ಣಪ್ಪ ಕಾಣೆಯಾಗಿ ವಾರ ಕಳೆದಿತ್ತು. ತಂದೆಯನ್ನು ಹುಡುಕಿಕೊಡಿರೆಂದು ಮಗಳು ಗಂಗಾಲಕ್ಷ್ಮಿ ಕಣ್ಣೀರಿಟ್ಟು ಕೇಳಿದ್ದಳು. ಫ್ಯಾಕ್ಟರಿಯ ದುಡ್ಡು ಎತ್ತಿಕೊಂಡು ಓಡಿದನೆಂಬ ದೂರು ಹಿಡಿದು ಪೊಲೀಸರೂ ಮನೆಗೆ ಬಂದಿದ್ದರಂತೆ. ಅವನು ಕೊನೆಯದಾಗಿ ಊಟ ಮಾಡಿ ಎದ್ದ ಮನೆ ಟೇಕಲ್‌ನ ಈ ಮನೆಯೇ.

ಕಾಣೆಯಾದವನ ಜಾಡು ಹಿಡಿದು ಬಂದ ಆಕೆಗೆ ಇಲ್ಲಿ ಸಿಕ್ಕದ್ದು ಈ ಚೆಕ್ಕು.

ಮುನಿಶಾಮಮ್ಮ ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಹೊರಗೆ ಬಂದರು. ಎಪ್ಪತ್ತು ದಾಟಿದ ಗಟ್ಟಿ ಮೈ. ಚೆಕ್ಕಿನ ಕಡೆ ನೋಡಿದ ರೀತಿ ದೇವರ ಮುಂದಿನ ದೀಪ ಆರಿಲ್ಲವೆಂದು ಖಚಿತಪಡಿಸಿಕೊಳ್ಳುವವರ ಹಾಗಿತ್ತು.

"ಏನ್ ತಾಯಿ, ಕಾಫಿ ಹಂಗೇ ಮಡಗಿದ್ದೀಯ?"

"ಕುಡೀತೀನಿ. ಸಹಿಗೆ ಮೊದಲು ಒಂದು ಮಾತು ಕೇಳ್ಲಾ ಮುನಿಶಾಮಮ್ಮನೋರೇ? ಈ ದುಡ್ಡೆಲ್ಲಾ ಇದೊಂದಕ್ಕೇ ಹಾಕ್ತೀರಾ?"

"ಎಲ್ಲಾನೂ. ರೋಡಿಗೆ ಹೋದ ಜಮೀನಿನ ಪರಿಹಾರ ಅದು. ಬ್ಯಾಂಕ್ನಾಗೆ ಮಡಗಿದ್ರೆ ನೂರಕ್ಕೆ ಏಳು. ಇವ್ರು ಹನ್ನೊಂದು ಕೊಡ್ತಾರೆ. ನಾನ್ ಹೋದ್ಮೇಲೆ ಈ ಹುಡುಗಿಗೆ ವರ್ಷಾ ವರ್ಷಾ ಬಾಗಿಲಿಗೆ ಬರ್ಬೇಕು. ನನ್ ಲೆಕ್ಕ ಅಷ್ಟೇ."

"ಹುಡುಗಿಯಂತೆ," ಎಂದಳು ಸುನಂದ. "ಹುಡುಗಿ ತಲೆಗೆ ಬಣ್ಣ ಹಾಕ್ಕೋತಾಳೆ."

ಆ ಹುಡುಗಿಗೆ ನಲವತ್ತೈದು ದಾಟಿತ್ತು. ಎಳವೆಯಲ್ಲಿ ಬಂದ ಪೋಲಿಯೊ ಎರಡೂ ಕಾಲುಗಳ ಬಲವನ್ನು ಕೊಂಡೊಯ್ದಿತ್ತು. ಮೋಟಾರು ಜೋಡಿಸಿದ ಹೊಲಿಗೆಯಂತ್ರದ ಮುಂದೆ ಕುಳಿತು ಇಷ್ಟು ವರ್ಷ ತನ್ನ ಅನ್ನ ತಾನೇ ದುಡಿದಿದ್ದಳು. ಈಗ ಹತ್ತಿರದ್ದಕ್ಕೆ ಕಣ್ಣು ಮಂಜಾಗುತ್ತಿತ್ತು. ಸೂಜಿಗೆ ದಾರ ಏರಿಸಲು ಪಕ್ಕದ ಮನೆಯವರನ್ನು ಕರೆಯಬೇಕಾಗಿತ್ತು. ಕತ್ತರಿಯ ಕೆಳಗಿದ್ದ ಆ ಕಾಗದದಲ್ಲಿ ಅವಳ ಮುಂದಿನ ಬದುಕೆಲ್ಲ ಮಲಗಿತ್ತೆಂಬುದು ಮೂವರಿಗೂ ಗೊತ್ತಿದ್ದ ಸಂಗತಿ.

"ಪ್ರಿಫರೆನ್ಸ್ ಷೇರು ಅಂದ್ರೇನು ಅಂತ ಹೇಳಿದ್ರಾ ಅವರು?"

"ಹೇಳ್ದೆ ಇರ್ತಾರಾ? ಮಾವಿನ ಫ್ಯಾಕ್ಟರಿ ಮಾಲೀಕ್ರು ಅಮರನಾಥ್ ಸಾರೇ ಬಂದಿದ್ರು. ಇದು ಮೊದಲ ಪಂಕ್ತಿ ಷೇರು ಅಂದ್ರು. ಲಾಭ ಬಂದ್ರೆ ಮೊದಲು ನಮ್ಗೆ ಎಲೆ ಹಾಕಿ ಬಡಿಸ್ತಾರೆ. ಮಾಲೀಕ್ರು ಉಣ್ಣಾದು ಆಮೇಲೆ."

"ಮಾತು ಸುಳ್ಳಲ್ಲ. ಆದ್ರೆ ಅಡುಗೆ ಆಗಿದ್ರೆ ತಾನೆ ಬಡಿಸೋದು?" ಅನಂತಲಕ್ಷ್ಮಿ ಕಾಫಿಯ ಲೋಟ ಕೆಳಗಿಟ್ಟರು. "ಠೇವಣಿ ಬಡ್ಡಿ ಬ್ಯಾಂಕು ಕೊಡ್ಲೇಬೇಕು. ಕೊಡ್ಲಿಲ್ಲ ಅಂದ್ರೆ ಜಗಳಕ್ಕೆ ಹೋಗಬಹುದು. ಇಲ್ಲಿ ಹಾಗಲ್ಲ. ಲಾಭ ಇಲ್ಲ, ಈ ವರ್ಷಕ್ಕಿಲ್ಲ ಅಂದ್ಬಿಟ್ರೆ ಮುಗೀತು. ಬಾಕಿ ಅಂತ ಬರ್ಕೋತಾರೆ, ನೀವು ಕಾಯ್ತೀರಿ. ಫ್ಯಾಕ್ಟರಿ ಮುಚ್ಚಿತು ಅನ್ನಿ. ಸಾಲ ಕೊಟ್ಟ ಬ್ಯಾಂಕು ಅಡುಗೆಮನೇಲೇ ಉಂಡು ಕೈತೊಳ್ಕೊಂಡಿರುತ್ತೆ. ಮಿಕ್ಕಿದ್ದಕ್ಕೆ ನಿಮ್ಮ ಪಂಕ್ತಿ."

"ಬೇಡ ಅನ್ನಿಸಿದ್ರೆ ಮಾರ್ಬೋದಲ್ಲ?" ಸುನಂದ ಕೇಳಿದಳು.

"ಪೇಟೇಲಿ ನಡೆಯೋ ದೊಡ್ಡ ಕಂಪನಿ ಷೇರಾದ್ರೆ ಮಾರ್ಬೋದು. ಇದನ್ನ ಟೇಕಲ್‌ನಲ್ಲಿ ಯಾರು ಕೊಳ್ತಾರೆ?"

"ಹಂಗಾದ್ರೆ ಕೆಟ್ಟದ್ದಾ ಇದು?"

"ಕೆಟ್ಟದ್ದು ಅಂತ ನಾನು ಹೇಳಲ್ಲ. ಕಂಪನಿ ಗಟ್ಟಿಯಾಗಿದ್ದು, ಇರೋ ದುಡ್ಡಲ್ಲಿ ಒಂದು ಪಾಲು ಹಾಕೋರಿಗೆ ಒಳ್ಳೆ ವರಮಾನಾನೇ. ಹನ್ನೊಂದು ಯಾಕೆ ಕೊಡ್ತಾರೆ ಅಂತ ಕೇಳ್ಬೇಕು, ಅಷ್ಟೇ. ಏಳರ ಮೇಲಿನ ಆ ನಾಲ್ಕು ನಿಮ್ಮ ಭಯಕ್ಕೆ ಕೊಡೋ ಕೂಲಿ. ಆ ಭಯ ಹೊರೋ ಶಕ್ತಿ ನಿಮಗಿದೆಯಾ ಅನ್ನೋದು ಪ್ರಶ್ನೆ."

ಮುನಿಶಾಮಮ್ಮ ಟವಲು ಬಿಚ್ಚಿ ಕೂದಲು ಕೊಡವಿದರು.

"ನಾನೇನ್ ಕಣ್ಮುಚ್ಕೊಂಡು ಹಾಕ್ತಿಲ್ಲ ತಾಯಿ. ಮೊದಲು ಸ್ವಲ್ಪ ಹಾಕಿ ನೋಡ್ದೆ. ಹೋದ ವರ್ಷ ಮಾವೆಲ್ಲ ಹೂವಿನಾಗೇ ಕರಗೋಯ್ತು. ಆವಾಗ್ಲೂ ಕೊಟ್ರು. ಈ ವರ್ಷಾನೂ ಕೊಟ್ರು. ಕೆಟ್ಟ ಕಾಲದಾಗೇ ಕೊಟ್ಟೋರು ಒಳ್ಳೆ ಕಾಲದಾಗೆ ಕೊಡಲ್ವಾ?"

ವಾದ ನೇರವಾಗಿತ್ತು. ಅನಂತಲಕ್ಷ್ಮಿಯವರನ್ನು ಕಾಡಿದ್ದು ಅದರ ನೇರತನವೇ. ಎಲ್ಲರ ಬೆಳೆಯೂ ಉದುರಿದ ವರ್ಷದಲ್ಲಿ ಬೆಳೆಯನ್ನೇ ನಂಬಿದ ಫ್ಯಾಕ್ಟರಿಯೊಂದು ಲಾಭ ಹಂಚಿತ್ತು.

"ಕೊಟ್ಟಿದ್ದು ಹೇಗೆ? ಬ್ಯಾಂಕಿಗೆ ಬಂತಾ?"

"ಬ್ಯಾಂಕಿಗ್ಯಾಕೆ? ನನ್ ತಮ್ಮುಡು ಸೊಣ್ಣಪ್ಪ ನೋಟು ತಂದು ಕೈಗಿಟ್ಟ. ನಾನೂ ಗೌನಿಪಲ್ಲಿಯೋಳೇ ಅಲ್ವಾ? ಒಂದೇ ಬೀದಿನಾಗೆ ಬೆಳ್ದೋರು."

"ಈ ಸಾರಿ ಬಂದಾಗ ಹೇಗಿದ್ದ?"

"ಹೆಂಗಿರ್ತಾನೆ? ಮುದ್ದೆ ಉಂಡ, ನಕ್ಕ." ಮುನಿಶಾಮಮ್ಮ ಟವಲು ಮಡಚಿದರು. "ತೋಟದ ಹಣ್ಣು ಮಾತ್ರ ತರ್ಲಿಲ್ಲ. ಯಾಕ್ಲಾ ಅಂದ್ರೆ, ತೋಟಕ್ಕೆ ಆಂಧ್ರದೋರು ಇಳಿದವ್ರೆ ಅಂದ. ನೀನು ಯಾವತ್ತೂ ತೋಟ ಗುತ್ತಿಗೆಗೆ ಕೊಟ್ಟೋನಲ್ಲ ಕಣೋ ಅಂದೆ. ವಯಸ್ಸಾಯ್ತು ಅಕ್ಕಾ ಅಂದ."

"ಎಷ್ಟು ವರ್ಷಕ್ಕೆ ಕೊಟ್ಟಿದ್ದಾನಂತೆ?"

"ನಾನ್ ಕೇಳ್ಲಿಲ್ಲ. ಮುಂದ್ಲ ಫಸಲೂ ಸೇರ್ಸಿ ಕೊಟ್ಟವ್ನೆ ಅಂತ ಊರಾಗೆ ಅಂತಾರೆ." ಮುದುಕಿ ಚೆಕ್ಕಿನ ಕಡೆ ಕೈ ಚಾಚಿದರು. "ಭಯ ಯಾಕೆ ತಾಯಿ? ನಮ್ ಕಡೆ ಹೂವಿನಾಗೇ ತೋಟದ ಬೆಲೆ ಮುರೀತಾರಲ್ಲ, ದಲ್ಲಾಳಿ ತನ್ನ ಟವಲ್ ಹಾಕ್ತಾನೆ. ಅದ್ರೊಳಗೆ ಬೆರಳು ಹಿಡ್ದು ಮಾತಾಡ್ತಾರೆ. ಕೊಂಡೋನು ಕೈಯೆತ್ತಿದ್ರೆ ಟವಲ್ ಹಾಕ್ದೋನು ಕೊಡ್ಬೇಕು. ಈ ಷೇರಿಗೂ ಸೊಣ್ಣಪ್ಪಾನೇ ಟವಲ್ ಹಾಕಿರೋನು."

ಮಾವಿನ ತೋಟದ ನೇಮವನ್ನು ಷೇರಿಗೆ ಹೊದಿಸಿದವರು ಈ ಮುದುಕಿಯೊಬ್ಬರೇ ಇರಲಿಕ್ಕಿಲ್ಲ. ಸೊಣ್ಣಪ್ಪನೂ ಹಾಗೆಯೇ ನಂಬಿದ್ದರೆ?

"ಫ್ಯಾಕ್ಟರಿಯೋರು ಚೆಕ್ಕಿಗೆ ಯಾವಾಗ ಬರ್ತಾರೆ?"

"ಮಧ್ಯಾಹ್ನದ ಮೇಲೆ."

"ನಾನೀಗ ಶ್ರೀನಿವಾಸಪುರಕ್ಕೆ ಹೋಗ್ತೀನಿ. ಫ್ಯಾಕ್ಟರಿ ಕಣ್ಣಾರೆ ನೋಡಿ ಫೋನ್ ಮಾಡ್ತೀನಿ. ಅಲ್ಲೀವರೆಗೆ ಚೆಕ್ಕು ಅವರ ಕೈಗೆ ಹೋಗಬಾರದು."

"ಫ್ಯಾಕ್ಟರಿಯೋರ ಕೈಗೆ ಕೊಡಾಕಿಲ್ಲ. ಈ ಮಗೀನಾಣೆ."

"ನನ್ ಮೇಲೆ ಆಣೆ ಇಡ್ಬೇಡ ಕಣಮ್ಮ," ಎಂದಳು ಸುನಂದ. "ಹೋದ ಸಾರಿ ಇಟ್ಟಾಗ ಮೂರು ದಿನ ಜ್ವರ ಬಂತು."

ಕೋಲಾರ ದಾಟುವ ತನಕ ಅನಂತಲಕ್ಷ್ಮಿ ಕಾರಿನ ಕಿಟಕಿಯನ್ನು ಇಳಿಸಲಿಲ್ಲ. ಶ್ರೀನಿವಾಸಪುರದ ದಾರಿ ಹಿಡಿದ ಮೇಲೆ ಇಳಿಸಿದರು. ಮಾವಿನ ಕಾಲ. ತೋತಾಪುರಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಏದುತ್ತ ಸಾಗಿದ್ದವು. ಹಸಿರು ಕಾಯಿಯ ಸೊನೆಯ ಒಗರು ಗಾಳಿಯಲ್ಲೆಲ್ಲ ಹರಡಿತ್ತು. ಬೇರೊಂದು ವರ್ಷವಾಗಿದ್ದರೆ ಆ ವಾಸನೆಗೆ ಆಕೆಯ ಎಳವೆಯ ಯಾವುದೋ ಮಧ್ಯಾಹ್ನ ಎದ್ದು ಬಂದು ಪಕ್ಕದಲ್ಲಿ ಕುಳಿತಿರುತ್ತಿತ್ತು. ಇಂದು ಬರಲಿಲ್ಲ. ಎದೆಯಲ್ಲಿ ಚೆಕ್ಕೊಂದು ಪಟಪಟಿಸುತ್ತಿದ್ದಾಗ ನೆನಪುಗಳಿಗೆ ಕೂರಲು ಜಾಗವಿರುವುದಿಲ್ಲ.

ಒಂದು ಟ್ರ್ಯಾಕ್ಟರಾದರೂ ರಸಧಾರೆಯ ಕಡೆ ತಿರುಗಲಿಲ್ಲ.

ಫ್ಯಾಕ್ಟರಿಯ ಎದುರಿನ ಕಚೇರಿಗೆ ಹೊಸ ಸುಣ್ಣ ಬಣ್ಣ. ಗಾಜಿನ ಬಾಗಿಲು, ಒಳಗೆ ತಣ್ಣಗೆ ಉಸಿರಾಡುವ ಎ.ಸಿ. ಆಕೆ ನೇರ ಅಲ್ಲಿಗೆ ಹೋಗಲಿಲ್ಲ. ಅವಸರದಲ್ಲಿಯೂ ನಷ್ಟದ ಸ್ಥಳವನ್ನು ಒಂದು ಸುತ್ತು ಬರುವುದು ಹಳೆಯ ಕೆಲಸ ಕಲಿಸಿದ ರೂಢಿ.

ಲಾರಿ ತೂಗುವ ವೇಬ್ರಿಡ್ಜಿನ ಕಬ್ಬಿಣದ ಹಲಗೆಗಳ ಸಂದಿಯಲ್ಲಿ ಗರಿಕೆ ಬೆಳೆದಿತ್ತು. ಈ ಮಳೆಯ ಎಳೆ ಹುಲ್ಲಲ್ಲ; ಒಣಗಿ, ಬಿದ್ದು, ತನ್ನ ಮೇಲೆಯೇ ಮತ್ತೆ ಚಿಗುರಿದ ಹುಲ್ಲು. ಹಣ್ಣಿನ ತಿರುಳು ತೆಗೆಯುವ ಫ್ಯಾಕ್ಟರಿಯ ಹಿತ್ತಲಲ್ಲಿ ಈ ಹೊತ್ತಿಗೆ ಮಾವಿನ ವಾಟೆಗಳ ಗುಡ್ಡವಿರಬೇಕಿತ್ತು. ಹುಳಿ ವಾಸನೆ ಇರಬೇಕಿತ್ತು, ನೊಣ ಮುತ್ತಬೇಕಿತ್ತು. ಹಿತ್ತಲು ಗುಡಿಸಿದ ಅಂಗಳದಂತೆ ಬೋಳಾಗಿತ್ತು.

ಬೆಂಕಿ ಬಿದ್ದ ಎಷ್ಟೋ ಫ್ಯಾಕ್ಟರಿಗಳನ್ನು ಕಂಡಿದ್ದ ಆಕೆಗೆ ಬೆಂಕಿಯೇ ಇಲ್ಲದೆ ಸತ್ತ ಫ್ಯಾಕ್ಟರಿಯೊಂದು ಹೀಗೆ ಬಣ್ಣ ಬಳಿದುಕೊಂಡು ನಿಂತದ್ದು ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಾಲೀಕ ಅಮರನಾಥ್ ಎದ್ದು ನಿಂತು ಕೈಮುಗಿದ. ಐವತ್ತರ ಆಸುಪಾಸಿನ ಆಸಾಮಿ, ಮಡಿಕೆ ಮಾಸದ ಬಿಳಿ ಅಂಗಿ.

"ಬನ್ನಿ ಮೇಡಂ. ಏನು ತಗೋತೀರಿ? ನಮ್ಮದೇ ಮಾವಿನ ಜ್ಯೂಸು?"

"ಬೇಡ. ನನ್ನ ಹತ್ರ ನಿವೃತ್ತಿಯ ದುಡ್ಡು ಸ್ವಲ್ಪ ಇದೆ. ವರ್ಷಕ್ಕೊಮ್ಮೆ ತಪ್ಪದೆ ವರಮಾನ ಬರೋ ಹಾಗೆ ಹಾಕ್ಬೇಕು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಮರನಾಥನ ಮುಖ ಅರಳಿತು.

"ಸರಿಯಾದ ಬಾಗಿಲಿಗೇ ಬಂದಿದ್ದೀರಿ. ಸಾಮಾನ್ಯ ಷೇರು ಅಂದ್ರೆ ಜೂಜು. ಎಫ್‌ಡಿ ಅಂದ್ರೆ ನಿದ್ದೆ. ಎರಡರ ನಡುವೆ ನಮ್ಮ ಪ್ರಿಫರೆನ್ಸ್ ಷೇರು. ಜೂಜಿನ ಭಯ ಇಲ್ಲ, ನಿದ್ದೆಯ ನಷ್ಟಾನೂ ಇಲ್ಲ."

"ಓಟು ಇರುತ್ತಾ?"

"ಓಟು ಯಾಕೆ ಮೇಡಂ ತಲೆನೋವು? ಓಡಾಟ ನಮಗೆ, ವರಮಾನ ನಿಮಗೆ."

"ದುಡ್ಡು ವಾಪಸ್ಸು ಯಾವಾಗ?"

"ಹತ್ತು ವರ್ಷಕ್ಕೆ."

"ಯಾವ ದುಡ್ಡಲ್ಲಿ ಕೊಡ್ತೀರಿ?"

"ಲಾಭದಲ್ಲಿ. ಇಲ್ಲಾಂದ್ರೆ ಹೊಸ ಷೇರು ಮಾಡಿ, ಅದ್ರಲ್ಲಿ." ಅವನು ನಕ್ಕ. "ನೀವು ತುಂಬಾ ಓದ್ಕೊಂಡು ಬಂದಿದ್ದೀರಿ."

"ಹೋದ ವರ್ಷ ಬೆಳೆ ಕೆಟ್ಟಿತ್ತಲ್ಲ. ಆಗ ಕೊಟ್ರಾ?"

"ಕೊಟ್ವಿ. ಈ ವರ್ಷದ್ದೂ ಕೊಟ್ಟು ಮುಗಿಸಿದ್ದೀವಿ. ನಾನು ಹೇಳಿದ್ದು ನಂಬ್ಬೇಡಿ, ಗೌನಿಪಲ್ಲಿಗೆ ಹೋಗಿ, ಟೇಕಲ್‌ಗೆ ಹೋಗಿ, ಯಾವ ಮನೇನಾದ್ರೂ ಕೇಳಿ. ಒಬ್ಬರಿಗೂ ಬಾಕಿ ಇಲ್ಲ."

"ಮನೆಮನೆಗೂ ತಲುಪಿದೆ ಅಂತೀರಿ."

"ನೂರಕ್ಕೆ ನೂರು."

"ತಲುಪಿಸಿದ್ದು ಸೊಣ್ಣಪ್ಪ?"

"ಹೌದು, ನಮ್ಮ ಏಜೆಂಟು…" ಮಾತು ಅಲ್ಲೇ ನಿಂತಿತು. ಹೆಸರು ಆಕೆಯ ಬಾಯಿಂದ ಬಂದದ್ದೆಂದು ಅವನಿಗೆ ಆಗ ಹೊಳೆದಿರಬೇಕು.

ಅನಂತಲಕ್ಷ್ಮಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಹಾಗಾದ್ರೆ ಸೊಣ್ಣಪ್ಪನ ಮನೆಗೆ ಪೊಲೀಸರು ಯಾಕೆ ಬಂದ್ರು ಅಮರನಾಥ್? ಹಂಚೋಕೆ ಕೊಟ್ಟ ಈ ವರ್ಷದ ಲಾಭಾಂಶ ಎತ್ಕೊಂಡು ಓಡಿಹೋದ ಅಂತ ನೀವೇ ತಾನೆ ದೂರು ಕೊಟ್ಟಿದ್ದು? ದುಡ್ಡು ಮನೆಮನೆಗೂ ತಲುಪಿದ್ರೆ ಅವನು ಕಳ್ಳ ಅಲ್ಲ. ಅವನು ಕಳ್ಳ ಆದ್ರೆ ದುಡ್ಡು ತಲುಪಿಲ್ಲ. ಪೊಲೀಸರಿಗೆ ಹೇಳಿದ್ದು ಸುಳ್ಳೋ, ಈಗ ನನಗೆ ಹೇಳಿದ್ದೋ?"

ಅಮರನಾಥ್ ಕುರ್ಚಿಯ ಅಂಚಿಗೆ ಸರಿದ.

"ಯಾರು ನೀವು?"

"ಅನಂತಲಕ್ಷ್ಮಿ. ಮುಳಬಾಗಿಲು. ಸೊಣ್ಣಪ್ಪನ್ನ ಹುಡುಕ್ತಿದ್ದೀನಿ."

"ಅವನ ಮಗಳು ಕಳಿಸಿದ್ದಾ?" ಅಮರನಾಥ್ ಕುರ್ಚಿಗೆ ಒರಗಿದ. ನಗು ತುಟಿಯ ಮೇಲೆಯೇ ಉಳಿದಿತ್ತು, ಕಣ್ಣುಗಳನ್ನು ಬಿಟ್ಟುಹೋಗಿತ್ತು. "ಮೇಡಂ, ದೂರಿನ ಭಾಷೆ ಹಾಗೇ ಇರುತ್ತೆ. ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಕಡಿಮೆ…"

"ನಿಮ್ಮ ವೇಬ್ರಿಡ್ಜ್ ಮೇಲೆ ಹುಲ್ಲಿದೆ. ಈ ವರ್ಷದ್ದಲ್ಲ. ಹಿತ್ತಲಲ್ಲಿ ಒಂದು ವಾಟೆ ಇಲ್ಲ. ಎರಡು ಹಂಗಾಮಿನಿಂದ ನೀವು ಒಂದು ಲೋಡು ಕಾಯಿ ತೂಗಿಲ್ಲ. ಕಾಯಿ ಅರೆಯದ ಫ್ಯಾಕ್ಟರಿಗೆ ಲಾಭ ಎಲ್ಲಿಂದ? ಲಾಭ ಇಲ್ಲದೆ ಲಾಭಾಂಶ ಎಲ್ಲಿಂದ?"

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ.

"ನಾನೇ ಹೇಳ್ತೀನಿ. ಸೊಣ್ಣಪ್ಪ ತನ್ನ ತೋಟದ ಫಸಲನ್ನ ಮುಂದಿನ ವರ್ಷಗಳದ್ದೂ ಸೇರಿಸಿ ಆಂಧ್ರದೋರಿಗೆ ಗುತ್ತಿಗೆ ಕೊಟ್ಟ. ಆ ದುಡ್ಡನ್ನ ಕಂಪನಿ ದುಡ್ಡು ಅಂತ ಮನೆಮನೆಗೆ ಹಂಚಿದ. ನೀವು ನೋಡ್ತಾ ಕೂತ್ರಿ."

"ನಾನು ಕೇಳ್ಲಿಲ್ಲ!" ಅಮರನಾಥ್ ಮೇಜಿನ ಮೇಲೆ ಅಂಗೈ ಬಡಿದ. "ದೇವರಾಣೆ, ನಾನು ಕೇಳ್ಲಿಲ್ಲ. ಈ ಸಾರಿ ಆಗಲ್ಲ ಸೊಣ್ಣಪ್ಪ, ಬಾಕಿ ಇಟ್ಕೊಂಡು ಮುಂದೆ ಕೊಡೋಣ, ಕಾನೂನಲ್ಲಿ ಅವಕಾಶ ಇದೆ ಅಂದೆ. ಅವನು ಕೇಳ್ಬೇಕಲ್ಲ? 'ಸಾರ್, ನಾನು ಟವಲ್ ಹಾಕಿದ್ದೀನಿ. ಟವಲ್ ಹಾಕಿದ ಮೇಲೆ ಬಾಕಿ ಅನ್ನೋ ಮಾತಿಲ್ಲ' ಅಂದ. ಇದು ಮಾವಿನ ಮಂಡಿ ಅಲ್ಲಯ್ಯಾ ಅಂದೆ. ಎದ್ದು ಹೋದ."

"ನಿಮಗೂ ಅನುಕೂಲ ಆಯ್ತು."

"ಏನು ಅನುಕೂಲ?"

"ಓಟಿನ ಮಾತು ಬಂದಾಗ ತಲೆನೋವು ಅಂದ್ರಲ್ಲ, ಅದು. ಎರಡು ವರ್ಷ ಲಾಭಾಂಶ ಕೊಡದೆ ಹೋದ್ರೆ ಈ ಷೇರುದಾರರಿಗೂ ಎಲ್ಲ ತೀರ್ಮಾನದಲ್ಲೂ ಓಟು ಬರುತ್ತೆ. ಆಗ ಈ ರಸ್ತೆ ಬದಿಯ ಜಾಗ ಮಾರ್ಬೇಕಾದ್ರೆ ನೀವು ಗೌನಿಪಲ್ಲಿ, ಟೇಕಲ್‌ನ ಅಜ್ಜಿಯಂದಿರ ಒಪ್ಪಿಗೆ ಕೇಳ್ಬೇಕು. ಸೊಣ್ಣಪ್ಪ ಕೊಡ್ತಾ ಇರೋವರೆಗೆ ಅವರು ಬಾಯಿಲ್ಲದೋರು."

ಅಮರನಾಥ್ ಕಿಟಕಿಯ ಕಡೆ ನೋಡಿದ. ಆಚೆಗೆ ಅವನ ಜಾಗ ಬಿಸಿಲಿನಲ್ಲಿ ಬಿದ್ದುಕೊಂಡಿತ್ತು.

"ಆಮೇಲೆ ಅವನಿಗೆ ತಿಳೀತು," ಅನಂತಲಕ್ಷ್ಮಿ ದನಿ ತಗ್ಗಿಸಿದರು. "ತಾನು ಕೊಟ್ಟ ದುಡ್ಡನ್ನೇ ತೋರಿಸಿ ನೀವು ಹೊಸಬರ ಹತ್ರ ಚೆಕ್ಕು ಈಸ್ಕೋತಿದ್ದೀರಿ ಅಂತ. ಊರೂರಿಗೆ ಹೋಗಿ ನಿಜ ಹೇಳ್ತೀನಿ ಅಂದಿರ್ಬೇಕು. ಅವನು ಬಾಯಿ ಬಿಡೋಕೆ ಮೊದಲೇ ನೀವು ಅವನನ್ನ ಕಳ್ಳ ಮಾಡಿದ್ರಿ. ಕಳ್ಳನ ಮಾತು ಯಾರು ಕೇಳ್ತಾರೆ? ಈಗ ಹೇಳಿ. ಅವನನ್ನ ಎಲ್ಲಿಟ್ಟಿದ್ದೀರಿ?"

"ನಾನು ಎಲ್ಲೂ ಇಟ್ಟಿಲ್ಲ ಮೇಡಂ. ಹೆದರಿಸಿದೆ. ಅಷ್ಟು ಒಪ್ಕೋತೀನಿ. ಅವತ್ತು ಹೋದೋನು ಆಮೇಲೆ ಕಂಡಿಲ್ಲ."

ಆಕೆ ನಂಬಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಬಾಯಲ್ಲಿ ಮೊದಲ ನಿಜವೂ ಸುಳ್ಳಿನ ರುಚಿಯನ್ನೇ ಹೊತ್ತು ಬರುತ್ತದೆ. ಆದರೆ ಈಗ ಮುಖ್ಯವಾದದ್ದು ಟೇಕಲ್. ಕತ್ತರಿಯ ಕೆಳಗಿನ ಚೆಕ್ಕು ಸಹಿಯಿಲ್ಲದೆ ಹಾಗೆಯೇ ಇರಬೇಕು. ಆಕೆ ಫೋನು ತೆಗೆಯುವಷ್ಟರಲ್ಲಿ ಅದೇ ಮೊಳಗಿತು. ಮುನಿಶಾಮಮ್ಮ.

ಮುನಿಶಾಮಮ್ಮನವರಿಗೆ ಫೋನಿನಲ್ಲಿ ಮಾತಾಡುವುದೆಂದರೆ ಟೇಕಲ್ ಬೆಟ್ಟದ ಮೇಲೆ ನಿಂತು ಕೂಗುವುದೇ. ಅಮರನಾಥನಿಗೂ ಪ್ರತಿ ಮಾತು ಕೇಳಿಸುತ್ತಿತ್ತು.

"ತಾಯಿ, ಫ್ಯಾಕ್ಟರಿ ಆಳು ಬಂದಿದ್ದ. ಬೈದು ಕಳಿಸ್ದೆ!"

ಅನಂತಲಕ್ಷ್ಮಿ ಕಣ್ಣು ಮುಚ್ಚಿದರು. "ಒಳ್ಳೇದಾಯ್ತು. ಚೆಕ್ಕು ಹರಿದು ಹಾಕಿಬಿಡಿ. ಇಲ್ಲಿ ಫ್ಯಾಕ್ಟರಿ ನಡೀತಾ ಇಲ್ಲ."

"ಅದನ್ನ ಆವಾಗ್ಲೇ ಹರಿದು ಹಾಕ್ದೆ. ಅಷ್ಟೇ ದುಡ್ಡಿಗೆ ಇನ್ನೊಂದು ಬರೆದುಕೊಟ್ಟೆ."

"ಯಾರಿಗೆ?"

"ಇನ್ಯಾರಿಗೆ? ಸೊಣ್ಣಪ್ಪಂಗೆ. ನನ್ ತಮ್ಮ ಬಂದಿದ್ದ ತಾಯಿ! ಬದುಕವ್ನೆ! ಹುಡುಕ್ತಾ ಇದ್ದೀಯಲ್ಲ ಅಂತ ಹೇಳಾಣ ಅಂತ ಫೋನ್ ಮಾಡ್ದೆ."

ಎದುರಿನ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಅಮರನಾಥ್ ಎದ್ದು ನಿಂತಿದ್ದ. ಮುಖದಿಂದ ರಕ್ತ ಇಳಿದುಹೋಗಿತ್ತು. ಅಂಥ ಬೆರಗನ್ನು ನಟಿಸಲು ಯಾರಿಗೂ ಬರುವುದಿಲ್ಲ. ಸೊಣ್ಣಪ್ಪ ಇವನ ಬಳಿ ಇರಲಿಲ್ಲ, ಎಂದೂ ಇರಲಿಲ್ಲ.

"ಯಾರ ಹೆಸರಿಗೆ ಬರೆದ್ರಿ?"

"ಹೆಸರು ಖಾಲಿ ಬಿಟ್ಟು ಸೈನ್ ಹಾಕು ಅಕ್ಕಾ ಅಂದ. ಹಾಕ್ದೆ."

"ಮುನಿಶಾಮಮ್ಮನೋರೇ, ಈಗಲೇ ಬ್ಯಾಂಕಿಗೆ ಫೋನ್ ಮಾಡ್ಸಿ. ಚೆಕ್ಕು ನಿಲ್ಲಿಸಿ ಅನ್ನಿ. ಅದನ್ನ ನೀವೇ ಹೇಳ್ಬೇಕು, ಬೇರೆ ಯಾರು ಹೇಳಿದ್ರೂ ಕೇಳಲ್ಲ. ಅದೇ ಬ್ಯಾಂಕಲ್ಲಿ ಖಾತೆ ಇರೋರು ಹಾಕ್ಬಿಟ್ರೆ ಸಂಜೆ ಒಳಗೆ ದುಡ್ಡು ಹೋಗುತ್ತೆ."

"ನಿಲ್ಲಿಸಾದಾ?" ಮೊದಲ ಸಲ ಮುದುಕಿಯ ದನಿ ಇಳಿಯಿತು. "ಅವ್ನು ಅಳ್ತಾ ಇದ್ದ ತಾಯಿ. ಐವತ್ತು ವರ್ಷದಾಗೆ ಅವ್ನು ಅತ್ತಿದ್ದು ನೋಡಿಲ್ಲ. ಇದೊಂದು ಸಾರಿ ಕೊಡು ಅಕ್ಕಾ ಅಂದ. ಕೊಟ್ಟು, ಬೆನ್ನ ಹಿಂದೆ ನಿಲ್ಲಿಸಿದ್ರೆ ನಾನೂ ಅವ್ನ ಕಳ್ಳ ಅಂದಂಗೆ ಆಗಲ್ವಾ?"

"ಅದು ಸುನಂದನ ಬದುಕಮ್ಮ."

"ಗೊತ್ತು."

ಫೋನು ಕೈಬದಲಾದ ಸದ್ದು. ಹೊಲಿಗೆಯಂತ್ರದ ಮೋಟಾರು ನಿಂತಿತು.

"ಮೇಡಂ, ನಾನು ಸುನಂದ." ಪಿಸುದನಿ. ಅಮರನಾಥನಿಗೆ ಇದು ಕೇಳಿಸಲಿಲ್ಲ. ಅವನು ಮೇಜಿನ ಮೇಲೆ ಬಾಗಿದ. "ಅಮ್ಮನ್ನ ಒಪ್ಪಿಸೋಕೆ ನೋಡ್ತೀನಿ, ಕಷ್ಟ. ಇನ್ನೊಂದು ವಿಷಯ. ಸೊಣ್ಣಪ್ಪ ಮಾಮ ಒಬ್ಬನೇ ಬಂದಿರ್ಲಿಲ್ಲ. ಎರಡು ಮನೆ ಆಚೆ ಕಾರು ನಿಂತಿತ್ತು. ಮಾಮ ಚೆಕ್ಕನ್ನ ಕಾರಿನ ಕಿಟಕಿ ಒಳಗೆ ಕೊಟ್ಟ. ಈಸ್ಕೊಂಡಿದ್ದು ಹೆಂಗಸಿನ ಕೈ."

"ಮುಖ ಕಂಡ್ತಾ?"

"ಇಲ್ಲ. ತೋಳು ಕಂಡ್ತು. ಸೂಜಿ ಕಾಣದ ಕಣ್ಣಿಗೂ ದೂರದ್ದು ಕಾಣುತ್ತೆ, ನನ್ನ ಕೆಲಸ ನನಗೆ ಗೊತ್ತಾಗಲ್ವಾ? ಹಸಿರು ರವಿಕೆ. ತೋಳಿಗೆ ಬಟ್ಟೆ ಸಾಲದೆ ಕೆಂಪು ತುಂಡು ಕೊಟ್ಟು, ಅದು ಗೊತ್ತಾಗ್ದಿರ್ಲಿ ಅಂತ ಎರಡು ಸಾಲು ಪೈಪಿಂಗ್ ಹಾಕಿದ್ದೆ. ಅಂಥದ್ದು ಒಂದೇ ಹೊಲಿದಿದ್ದು ನಾನು." ಸುನಂದ ಉಸಿರೆಳೆದುಕೊಂಡಳು. "ಗಂಗಾಲಕ್ಷ್ಮಿಗೆ. ನಿಮ್ಮನ್ನ ಅಪ್ಪನ್ನ ಹುಡುಕೋಕೆ ಕಳಿಸಿದೋಳು ಅವಳೇ ಅಲ್ವಾ ಮೇಡಂ?"

ಕಿವಿಗೆ ಒತ್ತಿಕೊಂಡಿದ್ದ ಫೋನು ಇನ್ನೊಂದು ಕರೆಗೆ ಮಿಡಿಯತೊಡಗಿತು. ಅನಂತಲಕ್ಷ್ಮಿ ಅದನ್ನು ಕಣ್ಣೆದುರು ಹಿಡಿದರು. ಗಂಗಾಲಕ್ಷ್ಮಿ.

ಆಕೆ ಆ ಕರೆ ತೆಗೆದುಕೊಂಡರು. "ಮೇಡಂ?" ಅದೇ ಒಡೆದ ದನಿ, ಅದೇ ಬಿಕ್ಕು. "ಅಪ್ಪನ ಸುಳಿವೇನಾದ್ರೂ ಸಿಕ್ತಾ ಮೇಡಂ? ಮನೇಲಿ ಕೂತು ದಾರಿ ಕಾಯ್ತಾ ಇದ್ದೀನಿ. ಎರಡು ದಿನದಿಂದ ಹೊಸಿಲು ದಾಟಿಲ್ಲ."

ಆ ಅಳುವಿನ ಹಿಂದೆ, ಎತ್ತರದ ಕೋಣೆಯೊಂದರಲ್ಲಿ ಪ್ರತಿಧ್ವನಿಸುವ ಯಾಂತ್ರಿಕ ಹೆಣ್ಣುದನಿಯೊಂದು ಶಾಂತವಾಗಿ ಮುಂದಿನ ಟೋಕನ್ನಿನವರನ್ನು ಚೆಕ್ಕಿನ ಕೌಂಟರಿಗೆ ಕರೆಯುತ್ತಿತ್ತು.